ಮರಳುಗಾಡಿನಲ್ಲಿ ಕಾಲು ತೊಳೆದ ಪ್ರಸಂಗ

"ಮರುಭೂಮಿಯೇನು ಮಹಾ! ಪಂಚನಹಳ್ಳಿ ಬಿಸಿಲಲ್ಲಿ ಬೆಳೆದ ಮೈ ಕಣ್ರೀ ಇದು. ನೀರಿನ ಬೆಲೆ ನಂಗ್ಯಾರೂ ಹೇಳ್ಕೊಡ್ಬೇಕಾಗಿಲ್ಲ!" ಎಂದು ಕಡೂರಿನ ನನ್ನ ಬೋರ್‌ವೆಲ್ ಮೋಟಾರ್ ಅಂಗಡಿಯಲ್ಲಿ ಕೂತು ಘೋಷಿಸಿಬಿಟ್ಟೆ. ಭಾವಮೈದ ಹಾಲೇಶ ನಮ್ಮ ಕಡೆಯ ಒಂದಷ್ಟು ಜನರನ್ನು ಕಟ್ಟಿಕೊಂಡು ರಾಜಸ್ಥಾನಕ್ಕೆ ಟ್ರೆಕ್ಕಿಂಗ್ ಹೊರಟಿದ್ದ. ಹಗಲು ಮರಳಲ್ಲಿ ನಡಿಗೆ, ರಾತ್ರಿ ಟೆಂಟಲ್ಲಿ ನಿದ್ದೆ.

ನನ್ನ ಹೆಂಡತಿ ಅನುಪಮಾ ಒಂದೇ ಷರತ್ತು ಹಾಕಿದಳು.

"ನೋಡ್ರೀ, ಊಟ ಹೆಂಗಾದ್ರೂ ಇರ್ಲಿ. ಸಂಜೆ ಒಂದು ಲೋಟ ಬಿಸಿ ಕಾಫಿ ಸಿಗ್ಬೇಕು. ಇಲ್ದಿದ್ರೆ ಅಲ್ಲಿಂದ್ಲೇ ಒಂಟೆ ಹತ್ಕೊಂಡು ತರೀಕೆರೆಗೆ, ನಮ್ಮಮ್ಮನ ಮನೆಗೆ ಹೋಗ್ಬಿಡ್ತೀನಿ!"

"ಆ ಕಾಫಿಗೆ ನಾನು ಗ್ಯಾರಂಟಿ ಕಣೇ!" ಎಂದು ಎದೆ ತಟ್ಟಿಕೊಂಡೆ.

ಹೋಗಿ ನೋಡಿದರೆ, ಶೂ ಒಳಗೆ ಮರಳು, ಕಿವಿಯೊಳಗೆ ಮರಳು, ಚಿತ್ರಾನ್ನದಲ್ಲಿ ಕಡಲೆಬೀಜಕ್ಕಿಂತ ಹೆಚ್ಚು ಮರಳು! ದಿಬ್ಬ ಹತ್ತುವಾಗ ಮೊಣಕಾಲುಗಳೆರಡೂ ರಾಜೀನಾಮೆ ಕೊಡಲು ತಯಾರಾದವು. ಆದರೂ ಸುಖವಿಲ್ಲದಿರಲಿಲ್ಲ. ಮಧ್ಯಾಹ್ನ ಮುಳ್ಳುಮರವೊಂದರ ಚೂರು ನೆರಳಲ್ಲಿ ಕೂತು, ಊರಿಂದ ತಂದ ಮಂಡಕ್ಕಿಗೆ ಈರುಳ್ಳಿ ಹೆಚ್ಚಿಹಾಕಿ, ಕೊಬ್ಬರಿ ಕಚ್ಚಿಕೊಂಡು ತಿಂದಾಗ, ಅರಮನೆಯ ಊಟವೂ ಬೇಡ ಅನ್ನಿಸಿತು.

ಕುಡಿಯಲು ಬಾಟಲಿ ಬೇರೆ ಕೊಟ್ಟಿದ್ದರು. ಮಿಕ್ಕ ಎಲ್ಲದಕ್ಕೂ ಟೆಂಟಿಗೆ ಒಂದೇ ಕ್ಯಾನು. ಮತ್ತೆ ನೀರು ಬರುವುದು ಮಾರನೆಯ ಬೆಳಗ್ಗೆ, ಒಂಟೆಯ ಮೇಲೆ. ಯಾರೂ ಕೇಳದಿದ್ದರೂ ನಾನೇ ಇಡೀ ತಂಡದ ಜಲಮಂತ್ರಿಯಾದೆ! ಬುಕ್ಕಾಂಬುಧಿಯ ಹಿರಿಯರು ಗಂಗಾಧರಯ್ಯನವರು ಬಾಯಿ ಮುಕ್ಕಳಿಸುತ್ತಿದ್ದರೆ ನನಗೆ ತಡೆಯಲಾಗಲಿಲ್ಲ.

"ಏನ್ ಗಂಗಾಧರಯ್ನೋರೇ, ಇದೇನು ನಿಮ್ಮೂರ ಕೆರೆ ಅನ್ಕೊಂಡ್ರಾ? ಗುಟುಕು ಸಾಕು, ಗುಟುಕು!"

ಪಾಪ, ಅವರು ಮುಕ್ಕಳಿಸುತ್ತಿದ್ದ ನೀರನ್ನು ಗುಳುಕ್ಕನೆ ನುಂಗಿಯೇಬಿಟ್ಟರು.

ಸಂಜೆಯ ಹೊತ್ತಿಗೆ ನಮ್ಮಿಬ್ಬರ ಬಾಟಲಿಗಳೂ ಬರಿದಾಗಿ, ಕ್ಯಾನಿನ ತಳದಲ್ಲಿ ಎರಡು ಲೋಟ ನೀರು ಉಳಿದಿತ್ತು. ಅದು ಕಾಫಿಯ ನೀರು. ಕಾವಲಿಗೆ ಸುಲಭವಾಗಲೆಂದು ಅದನ್ನು ನಾನೇ ಟೆಂಟಿನ ಬಾಗಿಲಲ್ಲಿ ಇಟ್ಟಿದ್ದೆ. ಅನುಪಮಾ ಒಳಗೆ ಕಾಫಿಪುಡಿ ಹುಡುಕುತ್ತಿದ್ದಳು. ನಾನು ಸೂರ್ಯಾಸ್ತ ನೋಡಿಕೊಂಡು, ಹಾಡು ಗುನುಗುತ್ತಾ ಬಂದೆ. ಶೂ ಬಿಚ್ಚಿದೆ. ಬಾಗಿಲು, ಪಕ್ಕದಲ್ಲಿ ನೀರು. ಹುಟ್ಟಿದಾಗಿನಿಂದ ಕಾಲು ತೊಳೆಯದೆ ಹೊಸ್ತಿಲು ದಾಟಿದವನಲ್ಲ ನಾನು! ಕೈ ತನ್ನಷ್ಟಕ್ಕೆ ಕ್ಯಾನೆತ್ತಿತು. ಬಲಗಾಲಿಗೆ ಒಂದಿಷ್ಟು, ಎಡಗಾಲಿಗೆ ಒಂದಿಷ್ಟು. ಹಿಮ್ಮಡಿ ಒಣಗಿದ್ದರೆ ಅಮ್ಮ ಬಯ್ಯುತ್ತಿದ್ದಳೆಂದು ಅಲ್ಲಿಗೂ ಒಂದಿಷ್ಟು.

ಅನುಪಮಾ ಈಚೆಗೆ ಬಂದಳು. ಕೈಯಲ್ಲಿ ಪುಡಿಯ ಡಬ್ಬಿ.

"ರೀ... ಏನ್ ಮಾಡ್ತಿದೀರಾ?"

"ಕಾಲು ತೊಳ್ಕೋತಿ..." ಎಂದವನಿಗೆ ಅಲ್ಲೇ ಜ್ಞಾನೋದಯವಾಯಿತು. ಕ್ಯಾನು ಅಲ್ಲಾಡಿಸಿದೆ. ಸದ್ದಿಲ್ಲ! ಗಾಬರಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟೆ. ಒದ್ದೆ ಕಾಲಿಗೆ ಮೊದಲಿಗಿಂತ ದುಪ್ಪಟ್ಟು ಮರಳು ಮೆತ್ತಿಕೊಂಡಿತು.

"ಹಾಲೇಶಾ, ಒಂಟೆ ಹಿಡ್ಕೊಂಬಾರೋ!" ಎಂದು ಅವಳು ಕೂಗಿದ್ದೇ ತಡ, ನಾನು ಖಾಲಿ ಲೋಟ ಹಿಡಿದು ಟೆಂಟಿಂದ ಟೆಂಟಿಗೆ ಭಿಕ್ಷೆಗೆ ಹೊರಟೆ.

"ಜಲಮಂತ್ರಿಗಳೇ ಬೀದಿಗೆ ಬಂದ್ಬಿಟ್ರಲ್ಲಾ ಭಾವ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು ಹಾಲೇಶ ಒಂದಿಷ್ಟು ಹುಯ್ದ. ಕೊನೆಗೆ ಗಂಗಾಧರಯ್ಯನವರ ಎದುರು ನಿಂತೆ. ಅವರು ಬಾಟಲಿಯ ಮುಚ್ಚಳವನ್ನು ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿಸಿದರು.

"ಕೊಡ್ತೀನಿ ಕಣಪ್ಪಾ. ಆದ್ರೆ ಗುಟುಕು ಮಾತ್ರ, ಗುಟುಕು!"

ಅಂತೂ ಮುಕ್ಕಾಲು ಲೋಟ ಕಾಫಿಯಾಯಿತು. ಚಳಿ ಆಗಲೇ ಬೆನ್ನಿಗೆ ಹತ್ತುತ್ತಿತ್ತು. ಅನುಪಮಾ ಮರಳ ದಿಬ್ಬದ ಮೇಲೆ ಕೂತು ಒಂದು ಗುಟುಕು ಹೀರಿ, "ಹಾ!" ಎಂದಳು. ಆಮೇಲೆ ಲೋಟವನ್ನು ನನ್ನ ಕಡೆ ಚಾಚಿದಳು. ನನ್ನ ಕಣ್ಣು ತುಂಬಿ ಬಂತು. ಎಂಥ ತಪ್ಪು ಮಾಡಿದ ಗಂಡನಿಗೂ ಪಾಲು ಕೊಡುವ ಮಹಾತಾಯಿ!

"ಬೇಡ ಕಣೇ ಅನು, ನಂಗೆ ಬೇಡ. ನಿನ್ನ ಕಾಫಿ ಕುಡಿಯೋ ಯೋಗ್ಯತೆ ನಂಗಿಲ್ಲ. ಪೂರ್ತಿ ನೀನೇ ಕುಡಿ!"

"ಅಯ್ಯೋ, ಕುಡಿಯೋಕೆ ಯಾರ್ ಕೊಟ್ರು ನಿಮ್ಗೆ? ಗಾಳಿಗೆ ಕೂದ್ಲು ಹಾರ್ತಾ ಇದೆ, ಕಟ್ಕೋಬೇಕು. ಹಿಡ್ಕೊಂಡಿರಿ!"

ಹಿಡಿದುಕೊಂಡೆ. ಕೈಯಾದರೂ ಬೆಚ್ಚಗಾಯಿತು.