ಮಾತಾಡದೆ ನೀರು ತಂದದ್ದು

ಬಾಯಿ ಮುಚ್ಚಿಕೊಂಡು ಒಂದು ಕೊಡ ನೀರು ಹೊರುವುದು ಕಷ್ಟದ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳಿದ್ದಳು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾರಾಯಣಖೇಡದ ಹತ್ತಿರ ನಮ್ಮೂರಿನ ಗುಡ್ಡದ ಮೇಲೆ ಒಂದು ಕಲ್ಲಿನ ಶಿವಾಲಯವಿದೆ. ಅದನ್ನು ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿನ ಪದ್ಧತಿ ಮಾತ್ರ ಎಲ್ಲರಿಗೂ ಗೊತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, ಹೆಣ್ಣಿನ ಮನೆಯವರೊಬ್ಬರು ಗುಡ್ಡದ ಕೆಳಗಿನ ಬಾವಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ನೀರು ತಂದು ಲಿಂಗದ ಮೇಲೆ ಸುರಿಯಬೇಕು. ದಾರಿಯಲ್ಲಿ ತುಟಿ ಬಿಚ್ಚಕೂಡದು. ಬಿಚ್ಚಿದರೆ ಆ ನೀರು ಎಂಜಲಾದಂತೆ. ಚೆಲ್ಲಿ ಮತ್ತೆ ತರಬೇಕು. ನೀರು ಬೀಳದೆ ಮದುವೆಯ ಮಾತು ಎತ್ತುವಂತಿಲ್ಲ.

ಆಗ ನಿಜಾಮರ ಆಳ್ವಿಕೆ. ನಮ್ಮ ಗೌರಿಗೆ ತಾಂಡೂರಿನ ಕಲ್ಲಿನ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂದಿತ್ತು. ಹುಡುಗನನ್ನು ಯಾರದೋ ಮದುವೆಯಲ್ಲಿ ನೋಡಿದ್ದ ಮಗಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಆ ವಾರವೆಲ್ಲ ರೊಟ್ಟಿ ಸುಟ್ಟಳು. ನಾವೂ ಸುಟ್ಟ ರೊಟ್ಟಿಯನ್ನೇ ಸಂತೋಷದಿಂದ ತಿಂದೆವು.

"ನೀರು ನಾನೇ ತರತೀನ್ರಿ," ಎಂದಳು ಹೆಂಡತಿ, ಅವರು ನೋಡಲು ಬರುವ ದಿನ. "ನಿಮ್ಮ ಕೈಲಿಂದ ಆಗಂಗಿಲ್ಲ. ನಿದ್ದಿಯೊಳಗೂ ಗಿರಾಕಿ ಜೋಡಿ ಮಾತಾಡ್ತೀರಿ."

"ಏ ಹುಚ್ಚಿ, ಇಡೀ ಕಿರಾಣಿ ಅಂಗಡಿ ನಡಸ್ತೀನಿ. ಒಂದು ಕೊಡ ನೀರು ತರಾಕ ಆಗಂಗಿಲ್ಲೇನು?" ಎಂದು ಕೊಡ ಕಿತ್ತುಕೊಂಡೆ.

ಬಾವಿಯಲ್ಲಿ ಮುಳುಗಿ, ಕೊಡ ತುಂಬಿಕೊಂಡು ಗುಡ್ಡದ ಅರ್ಧ ಹತ್ತಿದ್ದೆ. ಎದುರಿಗೆ ಕುದುರೆ ಏರಿ ಬಂದರು, ಕಂದಾಯದ ಗಿರ್ದಾವರ್ ಸಾಹೇಬರು!

"ಕ್ಯಾ ಸಾವ್ಕಾರ್, ಖೈರಿಯತ್?" ಎಂದು ಕ್ಷೇಮ ವಿಚಾರಿಸಿದರು.

ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು. "ಆಪ್ ಕೀ ದುವಾ ಹೈ ಸಾಬ್!" ಅದರ ಹಿಂದೆಯೇ, ಅಂಗಡಿಗೆ ಹೊಸ ಬೆಲ್ಲ ಬಂದ ಸುದ್ದಿಯೂ ಹೊರಬಿತ್ತು.

ಗುಡಿಯ ಕಟ್ಟೆಯ ಮೇಲಿಂದ ಪೂಜೆಯ ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಚೆಲ್ಲು," ಎಂದರು.

"ಉರ್ದುದಾಗ ಮಾತಾಡೀನ್ರಿ ಅಯ್ನೋರೆ. ನಮ್ಮ ಶಿವಗ ಉರ್ದು ಎಲ್ಲಿ ತಿಳೀತದ?"

"ಇಷ್ಟು ವರ್ಷ ನಿಜಾಮರ ರಾಜ್ಯದಾಗ ಕುಂತಾನ. ಅವಗ ನಿನಗಿಂತ ಚಲೋ ಬರ್ತದ. ಚೆಲ್ಲಿ ಬಾ!"

ಎರಡನೆಯ ಸಲ ಹಲ್ಲು ಕಚ್ಚಿಕೊಂಡು ಗುಡಿಯ ಹೊಸ್ತಿಲವರೆಗೂ ಬಂದೆ. ಹೆಂಡತಿ, ಗೌರಿ ಆಗಲೇ ಅಲ್ಲಿ ಕಾದಿದ್ದರು. ಅಷ್ಟರಲ್ಲಿ ಗಂಡಿನ ಕಡೆಯವರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಹುಡುಗನ ತಂದೆ ಕೈ ಜೋಡಿಸಿ "ಶರಣ್ರೀ" ಎಂದರು. ಶರಣು ಎಂದವರಿಗೆ ಶರಣು ಎನ್ನದಿರುವುದು ನಮ್ಮಲ್ಲಿ ಬೈಗುಳಕ್ಕಿಂತ ಕಡೆ. ಹುಬ್ಬು ಹಾರಿಸಿದೆ. ಹಲ್ಲು ಕಿರಿದೆ. ಕೊನೆಗೆ ಭಕ್ತಿಯಿಂದ ಬಾಗಿದೆ. ಹೆಗಲ ಮೇಲಿನ ಕೊಡವೂ ಬಾಗಿತು. ಅರ್ಧ ನೀರು ಅವರ ಜರಿ ರುಮಾಲಿನ ಮೇಲೆ!

ಜೊತೆಗೆ ಬಂದಿದ್ದ ಹುಡುಗನ ಅಜ್ಜಿಗೆ ಕಿವಿ ಮಂದ. ಗುಟ್ಟಾಗಿ ಹೇಳುತ್ತಿದ್ದೇನೆಂದು ನಂಬಿ, ಇಡೀ ಗುಡ್ಡಕ್ಕೆ ಕೇಳುವಂತೆ ಮಗನಿಗೆ ಹೇಳಿದರು: "ಅಯ್ಯ ಪಾಪ, ಹುಡುಗಿ ಅಪ್ಪ ಮೂಗ ಅದಾನ! ಮೊದಲs ಯಾಕ ಹೇಳಿಲ್ಲ? ಹುಡುಗೀಗರ ಮಾತು ಬರ್ತದೋ ಇಲ್ಲೋ!"

"ಹಂಗಲ್ರಿ ಅವ್ವಾರ, ಇದು ನಮ್ಮ ಗುಡಿ ಪದ್ಧತಿ..." ಎಂದು ಹೆಂಡತಿ ಬಿಡಿಸಿ ಹೇಳತೊಡಗಿದಳು. ಅಷ್ಟೇ ಸಾಕಿತ್ತು. ಆದರೆ ನನಗೆ ಸಾಕಾಗಲಿಲ್ಲ.

"ನಾ ಮೂಗ ಅಲ್ರೀ!" ಎಂದು ಗರ್ಜಿಸಿದೆ. ಗರ್ಭಗುಡಿಯೆಲ್ಲ ಮೊಳಗಿತು.

ಅಯ್ಯನವರು ಬಾವಿಯ ಕಡೆ ಬೆರಳು ತೋರಿಸಿದರು. ಗೌರಿ ತಲೆ ತಗ್ಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹೆಂಡತಿ ಕೊಡ ಕಸಿದುಕೊಂಡಳು. ಇಳಿದಳು, ಮುಳುಗಿದಳು, ತುಂಬಿದಳು, ಹತ್ತಿದಳು. ಕಾಲಿಗೆ ಜಾಲಿಮುಳ್ಳು ಚುಚ್ಚಿದರೂ "ಹಾ" ಎನ್ನಲಿಲ್ಲ. ನೀರು ಲಿಂಗದ ಮೇಲೆ ಬಿತ್ತು.

ಆ ಹೊತ್ತೆಲ್ಲ ನಾನು ಸುಮ್ಮನಿದ್ದೆನೇ? ಮೂಗನಲ್ಲವೆಂದು ಸಾಬೀತು ಮಾಡಬೇಕಲ್ಲ! ಹುಡುಗನ ತಂದೆಗೆ ಬೆಲ್ಲದ ಧಾರಣೆ, ನನ್ನ ಮಂಡಿನೋವು, ಯಾರಿಗೂ ಗೊತ್ತಿಲ್ಲದ ಆ ಗುಡಿಯ ಇತಿಹಾಸ, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಅವರು ರುಮಾಲು ಹಿಂಡುತ್ತ ಕೇಳಿದರು. ಹೆಂಡತಿ ಹೊರಗೆ ಬಂದದ್ದೇ ತಡ, ಎದ್ದು ನಿಂತರು.

"ಸಂಬಂಧ ಒಪ್ಪಿಗಿ ಅದರಿ ಅಕ್ಕಾರ. ಹುಡುಗಿ ತನ್ನ ತಾಯಿ ಹಂಗs ಅದಾಳ ಅಂತ ಎಲ್ಲಾರೂ ಹೇಳ್ಯಾರ. ಒಂದs ಮಾತು. ಮದುವಿ ದಿನಾನೂ ಇಂಥಾ ಪದ್ಧತಿ ಏನರೆ ಇದ್ರ, ನೀರು ನಮ್ಮ ಬೀಗರs ತರಲಿ. ಬಾವಿ ಎಷ್ಟು ದೂರ ಇದ್ರ ಅಷ್ಟು ಚಲೋ!"

ಗೌರಿ ಸೆರಗಿನ ಮರೆಯಲ್ಲಿ ಕಿಸಕ್ಕೆಂದಳು. ಹೆಂಡತಿ ಅಯ್ಯನವರ ಮುಖ ನೋಡಿದಳು. ಮದುವೆಯ ದಿನಕ್ಕೆ ಅಂಥ ಪದ್ಧತಿ ಯಾವುದೂ ಇರಲಿಲ್ಲ. ಇಬ್ಬರೂ ಕೂಡಿ ಅಲ್ಲೇ ಒಂದನ್ನು ಮಾಡಿದರು.

ಮದುವೆಯ ದಿನ ಹೆಣ್ಣಿನ ತಂದೆ ಸೂರ್ಯ ಮುಳುಗುವ ತನಕ ಮಾತಾಡಕೂಡದು. ಈಗದು ನಮ್ಮೂರಿನ ಪ್ರಾಚೀನ ಸಂಪ್ರದಾಯ!