ಶರಣಯ್ಯನವರ ಸರಕಾರಿ ಸಿಮ್ಮು

ಮಾನ್ವಿಯ ಶರಣಯ್ಯನವರಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿದ್ದು ಆಕೆ ಜಗಳ ನಿಲ್ಲಿಸಿದ್ದರಿಂದ. ‘ಹೊರಗ ಹೋದ್ರ ನಿಮ್ಮ ಫೋನ್ ಹತ್ತಂಗಿಲ್ಲ’ ಎಂದು ವೀರಭದ್ರಮ್ಮ ಎಗರಾಡಿ ಮೂರು ತಿಂಗಳಾಗಿತ್ತು. ಹನ್ನೆರಡು ವರ್ಷ ತಪ್ಪದೆ ನಡೆದುಬಂದ ಜಗಳ ತಾನಾಗಿ ನಿಂತರೆ ಯಾವ ಗಂಡನಿಗೆ ಊಟ ಸೇರೀತು?

ಶರಣಯ್ಯನವರು ಸರಕಾರಿ ಟೆಲಿಫೋನ್ ಇಲಾಖೆಯ ನಿವೃತ್ತ ಲೈನ್‌ಮನ್. ಫೋನಿಗೆ ಅರ್ಜಿ ಹಾಕಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಆ ಸುವರ್ಣಯುಗದಲ್ಲಿ ಅವರು ಕಂಬ ಹತ್ತಿದರೆ ಕೆಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಹಿಡಿದು ಓಣಿಯೇ ನಿಂತಿರುತ್ತಿತ್ತು. ಆಮೇಲೆ ಸರಕಾರ ಬಾಗಿಲು ತೆರೆದು ಖಾಸಗಿ ಕಂಪನಿಗಳನ್ನು ಒಳಗೆ ಬಿಟ್ಟಿತು. ಮಿರ್ಚಿ ನಿಂತುಹೋಯಿತು. (ದೇಶ ಹಾಳಾದದ್ದು ಅಂದಿನಿಂದಲೇ ಎಂಬುದು ಅವರ ಖಚಿತ ಅಭಿಪ್ರಾಯ.) ಖಾಸಗಿ ಸಿಮ್ಮು ತಮ್ಮ ಹೊಸ್ತಿಲು ದಾಟಕೂಡದೆಂದು ಅವರು ಅಂದೇ ಘನಘೋರ ಪ್ರತಿಜ್ಞೆ ಮಾಡಿದ್ದರು.

ಈಗ ಆ ಪ್ರತಿಜ್ಞೆಗೆ ಒಂದು ಕುರ್ಚಿ ಗಂಟುಬಿದ್ದಿತ್ತು. ರಾಯಚೂರಿನ ನಿವೃತ್ತ ಟೆಲಿಫೋನ್ ನೌಕರರ ಸಂಘಕ್ಕೆ ಅಧ್ಯಕ್ಷರ ಆಯ್ಕೆ ನಡೆಯಲಿತ್ತು. ಎದುರಾಳಿ ದೇವದುರ್ಗದ ನಿಂಗರಾಜ. ಅವನ ಮನೆಯಲ್ಲಿ ಖಾಸಗಿ ಸಿಮ್ ಇದೆಯೆಂಬ ಗುಮಾನಿಯಿಂದ, ‘ಮನೆಯಲ್ಲಿ ಅಂಥ ಸಿಮ್ ಇರುವವರು ಅಧ್ಯಕ್ಷರಾಗತಕ್ಕದ್ದಲ್ಲ’ ಎಂಬ ನಿಯಮವನ್ನು ಶರಣಯ್ಯನವರೇ ಬರೆಸಿದ್ದರು. ಹೆಂಡತಿ ಜಗಳ ಬಿಟ್ಟದ್ದು ಅದಕ್ಕೇ ಆಗಿದ್ದು, ಈಗ ತಮ್ಮ ಮನೆಯಲ್ಲೇ ಒಂದು ಅಡಗಿದ್ದರೆ?

ಶನಿವಾರ ಮಧ್ಯಾಹ್ನ ದಾಳಿ ಶುರುವಾಯಿತು. ವಿಭೂತಿ ಡಬ್ಬಿ ಆಯಿತು, ದಿಂಬಿನ ಗವಸಾಯಿತು.

“ಏನ್ ಹುಡುಕಾಕತ್ತೀರಿ?” ವೀರಭದ್ರಮ್ಮ ಬಾಗಿಲಲ್ಲಿ ನಿಂತು ಕೇಳಿದರು.

“ಸತ್ಯ.”

“ಜ್ವಾಳದ ಡಬ್ಬ್ಯಾಗ?”

“ಮಾತ್ ಬ್ಯಾಡ. ನಿನ್ನ ಫೋನ್ ತಾ ಇಲ್ಲಿ.”

ಕನ್ನಡಕ ಏರಿಸಿ, ಪರದೆಯ ಮೇಲಿನ ಕಂಪನಿಯ ಹೆಸರನ್ನು ಎರಡು ಸಲ ಓದಿದರು. ಅಪ್ಪಟ ಸರಕಾರಿ!

“ಮತ್ತ ಜಗಳ ಯಾಕ ಬಿಟ್ಟಿ?”

“ನಿಮ್ಮ ಫೋನ್ ಹತ್ತಾಕತ್ತದ. ಸುಮ್ನ ಯಾಕ ಬಾಯಿ ನೋಯಿಸ್ಕೊಳ್ಲಿ?”

“ನೋಡಿದ್ಯಾ ಸರಕಾರದ ತಾಕತ್ತು! ಎಲ್ಲೋ ಹೊಸಾ ಟವರ್ ಹಾಕ್ಯಾರ.”

ವೀರಭದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದರು. ಕೆಮ್ಮಿರಬೇಕು ಎಂದುಕೊಂಡರು ಶರಣಯ್ಯನವರು.

ಭಾನುವಾರದ ಸಭೆ ಸೇರಿದ್ದು ರಾಯಚೂರು ಕೋಟೆಯ ಬದಿಯ ಹಳೆಯ ಕಲ್ಲುಕಟ್ಟಡದಲ್ಲಿ. ಅದರೊಳಗೆ ಸರಕಾರಿ ಸಿಗ್ನಲ್ ಎಂದೂ ಕಾಲಿಟ್ಟದ್ದಿಲ್ಲ. ಹಾಗಾಗಿ ಅಲ್ಲಿ ಫೋನ್ ಬಂದ್ ಮಾಡಿ ಎಂದು ಯಾರೂ ಯಾರಿಗೂ ಹೇಳುವ ರೂಢಿಯಿರಲಿಲ್ಲ.

“ನನ್ನ ಮನ್ಯಾಗ ಇವತ್ತಿನ ತನಕ...” ಎಂದು ಶರಣಯ್ಯನವರು ಎದೆಯ ಮೇಲೆ ಕೈಯಿಟ್ಟರು. ಕೈಯ ಕೆಳಗಿನ ಜೇಬೇ ಮೊಳಗತೊಡಗಿತು.

ಮೂವತ್ತು ಮಂದಿ ತಮ್ಮ ತಮ್ಮ ಫೋನು ತೆಗೆದು ನೋಡಿದರು. ಒಂದರಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ. ಮೂವತ್ತು ಜೋಡಿ ಕಣ್ಣು ಮತ್ತೆ ವೇದಿಕೆಗೇ ಬಂದವು. ಕಾರ್ಯದರ್ಶಿ ಅಲ್ಲಾಉದ್ದೀನ್ ಸಾಹೇಬರು ಫೋನು ಇಸಿದುಕೊಂಡು ಪರದೆ ಓದಿದರು.

“ಶರಣಯ್ಯನವ್ರ, ಇದು ನಮ್ದಲ್ರೀ.”

ಶರಣಯ್ಯನವರು ಬೆವರುತ್ತ, ಮೈಕಿನ ಮುಂದೆಯೇ ಹೆಂಡತಿಯ ಕರೆ ಎತ್ತಿದರು. “ಇದಕ್ಕ ಏನ್ ಮಾಡೀದಿ ನೀ?”

“ಗೊತ್ತಾತೇನ್ರಿ?” ಹೆಂಡತಿಯ ದನಿ ಮೂಲೆಮೂಲೆಗೂ ಕೇಳಿಸಿತು. “ಯುಗಾದಿ ಮುಂದ ನಾ ಬಚ್ಚಲದಾಗ ಜಾರಿ ಬಿದ್ದು ಹನ್ನೊಂದು ಸಲ ಫೋನ್ ಹಚ್ಚೀನಿ. ನೀವು ಆ ಮಲ್ಲಟ ಹಳ್ಳ್ಯಾಗ ಸರಕಾರಿ ಸಿಮ್ ಹಿಡ್ಕೊಂಡು ಕುಂತಿದ್ರಿ. ‘ನಿನ್ನ ಹೆಸರಿಲೆ ಇದ್ರ ಶುಭ’ ಅಂತ ನೀವ ಆ ಸಿಮ್ ನನ್ನ ಹೆಸರಿಲೆ ತಂದೀರಿ. ಶಕೀಲನ ಮೊಬೈಲ್ ಅಂಗಡ್ಯಾಗ ಹೆಬ್ಬೆಟ್ಟೊತ್ತಿ ಕಂಪನಿ ಬದಲ್ ಮಾಡ್ಸೀನಿ. ಹೊಸಾ ಸಿಮ್ ನೀವು ಮಲಗಿದಾಗ ನಿಮ್ಮ ಫೋನಿಗೆ ಹಾಕೀನಿ, ನಂಬರ್ ಅದೇ ಅದ. ನನ್ ಫೋನ್ ಮಾತ್ರ ಸರಕಾರಿನೇ ಇಟ್ಟೀನಿ, ನಿಮ್ಮ ಮಾತು ಅರ್ಧಾರ ಉಳೀಲಿ ಅಂತ.”

ರೊಟ್ಟಿ ಬಡಿಯುವಾಗ ಕೈ ಉಳುಕಿತೆಂದು ಆಕೆ ವಾರಗಟ್ಟಲೆ ಪಟ್ಟಿ ಕಟ್ಟಿಕೊಂಡದ್ದು ನೆನಪಾಗಿ ಶರಣಯ್ಯನವರಿಗೆ ನಾಚಿಕೆಯಾಯಿತು. ಇಡೀ ಮನೆಯನ್ನೇ ಅನುಮಾನಿಸಿದವರು ಆ ಕೈಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಅವರೇ ಬರೆಸಿದ ನಿಯಮದ ಪ್ರಕಾರ ನಿಂಗರಾಜ ಅವಿರೋಧವಾಗಿ ಅಧ್ಯಕ್ಷನಾದ. ಹಾರ ಹಾಕಿಸಿಕೊಂಡವನೇ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಅಣ್ಣಾರ, ಸ್ವಲ್ಪ ಫೋನ್ ಕೊಡ್ರಿ. ಗೆದ್ದೀನಿ ಅಂತ ಮನಿಗೆ ಹೇಳ್ಬೇಕು.” ಅವನ ಹಿಂದೆ ಇನ್ನೂ ನಾಲ್ವರು ಸಾಲು ನಿಂತಿದ್ದರು. ಎಷ್ಟೋ ವರ್ಷಗಳ ಮೇಲೆ ಶರಣಯ್ಯನವರ ಮುಂದೆ ಫೋನಿಗಾಗಿ ಮತ್ತೆ ಸಾಲು. ಮಿರ್ಚಿಯೊಂದು ಇರಲಿಲ್ಲ.

ಸಂಜೆ ಮನೆಗೆ ಬಂದಾಗ ವೀರಭದ್ರಮ್ಮ ಮೆಲ್ಲಗೆ ಕೇಳಿದರು: “ಸಿಟ್ಟೇನ್ರಿ? ನಾಳೆ ಮತ್ತ ಸರಕಾರಿಗೇ ಬದಲ್ ಮಾಡ್ಸಲ್ಯಾ?”

ಶರಣಯ್ಯನವರು ಆಕೆಯ ಕೈ ನೋಡಿದರು, ಫೋನು ನೋಡಿದರು.

“ಬ್ಯಾಡ, ಇರ್ಲಿ. ಸಂಘದ ಲೆಟರ್‌ಹೆಡ್ ಮ್ಯಾಲೆ ಅಧ್ಯಕ್ಷರ ನಂಬರ್ ಅಂತ ಇದನ್ನೇ ಹಾಕ್ತಾರಂತ, ಹತ್ತೂದು ಇದೊಂದ ನೋಡು. ನಿಂಗರಾಜಗ ಫೋನ್ ಬಂದ್ರ ನಾ ಎತ್ತಿ ಹೇಳ್ಬೇಕಂತ.”