ಫ್ಯಾನಿನ ಕೆಳಗಿನ ಅರ್ಥಶಾಸ್ತ್ರ

ಓದದ ಪುಸ್ತಕವನ್ನು ಖಂಡಿಸುವುದರಲ್ಲಿರುವ ಸುಖ ಓದಿದ್ದನ್ನು ಖಂಡಿಸುವುದರಲ್ಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಬಿಡುವಿನಲ್ಲಿ ವಿಮರ್ಶಕನೂ ಆಗಿದ್ದೆ. ನನ್ನನ್ನು ಕಂಡರೆ ಕವಿಗಳೆಲ್ಲ ರಸ್ತೆಯ ಆಚೆ ಬದಿಗೆ ದಾಟುವಂತಾದ ಮೇಲೆ, ಬೇರೆ ಯಾರೂ ಸಿಗದೆ ಅರ್ಥಶಾಸ್ತ್ರದ ಮೇಲೆ ಬಿದ್ದೆ. "ನಿಮ್ಮ ಶಾಸ್ತ್ರದ ನಾಯಕನಿಗೆ ಲಾಭ ಬಿಟ್ಟು ಬೇರೆ ಯೋಚನೇನೇ ಇಲ್ಲ. ಅತ್ತೆ ಇಲ್ಲ, ಮಾವ ಇಲ್ಲ, ನೆಗಡಿ ಕೂಡ ಬರಲ್ಲ. ಇಂಥ ಪಾತ್ರ ಕಾದಂಬರೀಲಿ ಬಂದಿದ್ರೆ ಹರಿದು ಹಾಕ್ತಿದ್ದೆ" ಎಂದೆ, ಅರ್ಥಶಾಸ್ತ್ರದ ಮೇಷ್ಟ್ರು ರಂಗಪ್ಪನವರಿಗೆ. ಅವರು ತಣ್ಣಗೆ, "ಹೆಚ್ಚಿಗೆ ಸಿಗೋದನ್ನ ಬೇಡ ಅನ್ನೋ ಒಬ್ಬನನ್ನ ತೋರಿಸಿ ಸ್ವಾಮಿ, ನನ್ನ ಕುರ್ಚಿ ನಿಮ್ದು" ಎಂದರು. ಅದು ಸ್ಟಾಫ್ ರೂಮಿನ ಏಕೈಕ ಫ್ಯಾನಿನ ಕೆಳಗಿನ ಕುರ್ಚಿ. ಆ ಬೇಸಿಗೆಯಲ್ಲಿ ಅದಕ್ಕಾಗಿ ಯಾವ ಶಾಸ್ತ್ರವನ್ನಾದರೂ ಬುಡಮೇಲು ಮಾಡಲು ನಾನು ಸಿದ್ಧನಿದ್ದೆ.

ಭಾನುವಾರ ಅವರನ್ನು ಯಲ್ದೂರಿನಲ್ಲಿದ್ದ ನನ್ನ ಮಾವನವರ ಮಾವಿನ ತೋಪಿಗೆ ಕರೆದೊಯ್ದೆ. ಫಸಲು ಕೊಳ್ಳಲು ಬಾಷಾ ಸಾಹೇಬರು ಬಂದಿದ್ದರು. ಅಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಮಾವನವರ ಕೈ ಮಾವಿನ ಸೊನೆ ತಾಗಿ ಸುಟ್ಟಿತ್ತು. "ಅಳಿಯಂದ್ರೇ, ಟವೆಲ್ ಕೆಳಗೆ ನೀವೇ ಕೈ ಇಡಿ. ಮೂರು ಬೆರಳು ಹಿಡಿದ್ರೆ ಹೋದ್ ವರ್ಷದ ರೇಟು, ಹೂಂ ಅಂದ್ಬಿಡಿ" ಎಂದರು. ನನಗೆ ವಿಪರೀತ ಕಚಗುಳಿ ಎಂಬುದು ಅವರ ಮಗಳಿಗೆ ಮಾತ್ರ ಗೊತ್ತಿತ್ತು. ಸಾಹೇಬರು ಮೂರು ಬೆರಳು ಹಿಡಿದರು. ನಾನು ಕಿಸಕ್ಕನೆ ನಕ್ಕೆ. ಗೇಲಿ ಮಾಡಿದೆನೆಂದುಕೊಂಡು ಅವರು ನಾಲ್ಕು ಹಿಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. "ಏಮಯ್ಯಾ, ಇದೂ ಸಾಲ್ದಾ?" ಎಂದು ಬೆವರುತ್ತ ಐದನ್ನೂ ಹಿಡಿದರು. ಮಾವನವರು ಟವೆಲನ್ನೇ ಕಿತ್ತೆಸೆದು, "ಬಾಷಾ, ಹಳೇ ರೇಟೇ ಸಾಕು ಕಣಪ್ಪ. ನಮ್ಮ ಅಳಿಯಂದ್ರು ನಕ್ಕಿದ್ದಕ್ಕೆಲ್ಲ ನೀನ್ ಯಾಕೆ ದುಡ್ಡು ಕೊಡ್ಬೇಕು?" ಎಂದರು. ಸಾಹೇಬರಿಗೆ ರೋಷ ಬಂತು. "ಹಿಡಿದ ಬೆರಳು ಹಿಡಿದಿದ್ದೇ! ಐದೇ ಕೊಡ್ತೀನಿ!" ಮಾರುವವರು ಕಡಿಮೆಗೆ, ಕೊಳ್ಳುವವರು ಹೆಚ್ಚಿಗೆ ಹಠ ಹಿಡಿದು ತೆಲುಗಿನಲ್ಲಿ ಜಗಳಕ್ಕೆ ನಿಂತರು.

"ನೋಡಿದ್ರಾ!" ಎಂದು ಕುಣಿದೆ. ರಂಗಪ್ಪನವರು ಅಲುಗಲಿಲ್ಲ. "ಒಬ್ರಿಗೆ ಸ್ನೇಹದ ಲಾಭ, ಇನ್ನೊಬ್ರಿಗೆ ಮರ್ಯಾದೆ ಲಾಭ. ಎಲ್ಲಾ ಲಾಭಾನೇ." ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚಾಯಿತು. ಕಥಾನಾಯಕ ಸತ್ತರೂ ಸಂಕೇತ, ಬದುಕಿದರೂ ಸಂಕೇತ ಎಂದು ಬರೆಯುತ್ತಿದ್ದವನು ನಾನು. ಆ ವಿದ್ಯೆ ಇವರಿಗೂ ಗೊತ್ತಿರಬಹುದೆಂದು ಎಣಿಸಿರಲಿಲ್ಲ.

ಸೋಮವಾರ ಹೊಸ ವಾದ ಹೊಂದಿಸಿಕೊಂಡು ಸ್ಟಾಫ್ ರೂಮಿಗೆ ಹೋದರೆ, ರಂಗಪ್ಪನವರು ತಾವಾಗಿಯೇ ಎದ್ದರು. "ಬನ್ನಿ, ಕೂತ್ಕೊಳ್ಳಿ."

"ಸೋತೆ ಅಂತ ಒಪ್ಪಿದ್ರಾ?"

"ಇಲ್ಲ. ನಿಮಗೆ ಸೆಕೆ ತಡೆಯಲ್ಲ ಪಾಪ, ಅದಕ್ಕೆ."

ಲಾಭವಿಲ್ಲದೆ ಬಿಟ್ಟುಕೊಡುವ ಮನುಷ್ಯ ಎದುರಿಗೇ ನಿಂತಿದ್ದರು! ನನ್ನ ವಾದ ಗೆದ್ದಿತ್ತು. ಹಾಗೆಂದು ಹೇಳಬೇಕೆನ್ನುವಷ್ಟರಲ್ಲಿ ನಾನಾಗಲೇ ಕುಳಿತಾಗಿತ್ತು; ಫ್ಯಾನು ಇನ್ನೂ ಜೋರು ಮಾಡಿ ಎಂದು ಅವರಿಗೇ ಹೇಳಿಯೂ ಆಗಿತ್ತು. ಅವರು ಜೋರು ಮಾಡಿ, ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. ತಮ್ಮ ಶಾಸ್ತ್ರದ ನಾಯಕನನ್ನು ಮೊದಲ ಸಲ ಕಣ್ಣಾರೆ ಕಂಡ ತೃಪ್ತಿ ಆ ಮುಖದಲ್ಲಿತ್ತು.